ಗೆಳೆಯನ ಮದುವೆ ಗೋಕರ್ಣದಲ್ಲಿ, ಕೈಯಲ್ಲಿ ಬರೀ ಫಿಲಂ ಕ್ಯಾಮೆರಾ: ರೋಲ್ ಕೊಳ್ಳುವುದರಿಂದ ನೆಗೆಟಿವ್ ಮನೆಗೆ ತರುವವರೆಗೆ

"ಬೇರೆ ಫೋಟೋಗ್ರಾಫರ್ ಯಾಕೆ, ನೀನೇ ಇದ್ದೀಯಲ್ಲ ಮಾರಾಯ" ಎಂದು ನಿಮ್ಮ ಗೆಳೆಯ ಹೇಳಿದರೆ ದಯವಿಟ್ಟು ಒಪ್ಪಿಕೊಳ್ಳಬೇಡಿ. ಮದುವೆಗೆ ಡಿಜಿಟಲ್ ಕ್ಯಾಮೆರಾ ಹಿಡಿದ ಬಾಡಿಗೆ ತಂಡ ಒಂದು ಇದ್ದೇ ಇರಬೇಕು. ತಾಳಿ ಕಟ್ಟುವುದು, ಧಾರೆ, ಸ್ಟೇಜ್ ಮೇಲೆ ಸಾಲಾಗಿ ನಿಲ್ಲುವ ಬಂಧುಬಳಗ, ಇದೆಲ್ಲ ಅವರ ತಲೆನೋವು. ಆ ಹೊರೆ ಇಲ್ಲದಿದ್ದರೆ ಮಾತ್ರ ನೀವು ಫಿಲಂನಲ್ಲಿ ನಿಮಗೆ ಬೇಕಾದ್ದನ್ನು ತೆಗೆಯಬಹುದು. ಈ ಮಾರ್ಗದರ್ಶಿಯ ಲೆಕ್ಕಾಚಾರವೆಲ್ಲ ಇದರ ಮೇಲೆಯೇ ನಿಂತಿದೆ. ಮುಖ್ಯ ಘಟನೆ ಅವರಿಗೆ ಬಿಡಿ, ಅದರ ಅಂಚು ನಿಮ್ಮದು.

ಜಾಗಕ್ಕೆ ಗೋಕರ್ಣವನ್ನೇ ಇಟ್ಟುಕೊಳ್ಳೋಣ. ಬೆಂಗಳೂರು, ಹುಬ್ಬಳ್ಳಿ ಕಡೆಯವರು ಈಗ ಸಮುದ್ರದ ಬದಿ ಮದುವೆ ಅಂದರೆ ಗೋವಾದಷ್ಟೇ ಸಲೀಸಾಗಿ ಇಲ್ಲಿಗೂ ಬರುತ್ತಾರೆ. ಕುಡ್ಲೆ, ಓಂ ಬೀಚ್ ಕಡೆ ರೆಸಾರ್ಟುಗಳಿವೆ. ಎರಡು ದಿನದ ಕಾರ್ಯಕ್ರಮ: ಮೊದಲ ದಿನ ಸಂಜೆ ಮೆಹಂದಿ, ವರಪೂಜೆ, ಮಾರನೇ ಬೆಳಿಗ್ಗೆ ಮುಹೂರ್ತ, ಊಟ, ಸಂಜೆ ಆರತಕ್ಷತೆ. ನಿಮ್ಮ ಗೆಳೆಯನ ಮದುವೆ ಕೊಡಗಿನಲ್ಲಿದ್ದರೆ ಉಪ್ಪುಗಾಳಿಯ ಜಾಗದಲ್ಲಿ ಮಂಜು ಎಂದು ಓದಿಕೊಳ್ಳಿ. ಉಳಿದದ್ದು ಹೆಚ್ಚುಕಮ್ಮಿ ಒಂದೇ.

ಹಂತ 1: ಲಗ್ನಪತ್ರಿಕೆಯನ್ನು ಬೆಳಕಿನ ಪಟ್ಟಿಯಂತೆ ಓದಿ

ಪತ್ರಿಕೆ ಕೈಗೆ ಬಂದ ಕೂಡಲೇ ಮುಹೂರ್ತದ ಸಮಯ ನೋಡಿ. ಬೆಳಿಗ್ಗೆ ಏಳೂವರೆಯ ಲಗ್ನಕ್ಕೂ ಹತ್ತೂವರೆಯ ಲಗ್ನಕ್ಕೂ ಬೇಕಾದ ಫಿಲಂ ಒಂದೇ ಅಲ್ಲ.

ಗೋಕರ್ಣದ ತೀರಗಳು ಪಶ್ಚಿಮಕ್ಕೆ ಮುಖ ಮಾಡಿವೆ, ಹಿಂದೆ ಗುಡ್ಡ. ಹಾಗಾಗಿ ಸೂರ್ಯ ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ಮರಳಿನ ಮೇಲೆ ನೇರ ಬಿಸಿಲು ಬೀಳುವುದಿಲ್ಲ. ಮೆತ್ತನೆಯ, ನೆರಳಿಲ್ಲದ ಬೆಳಕು. ಮುಖಗಳಿಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಹತ್ತು ಗಂಟೆ ದಾಟಿತೋ, ಬಿಸಿಲು ನೆತ್ತಿಗೆ ಬರುತ್ತದೆ, ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಆಗ ಚಪ್ಪರದ ಒಳಗೇ ಇರಿ. ಸಂಜೆ ಡಿಸೆಂಬರ್‌ನಲ್ಲಿ ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಮೇ ತಿಂಗಳಲ್ಲಿ ಏಳಕ್ಕೆ ಹತ್ತಿರ. ಆರತಕ್ಷತೆ "ಸಂಜೆ 6.30ರಿಂದ" ಎಂದಿದ್ದರೆ ಡಿಸೆಂಬರ್‌ನಲ್ಲಿ ಅದು ಪೂರ್ತಿ ದೀಪದ ಬೆಳಕಿನ ಕಾರ್ಯಕ್ರಮ. ಮೇ ತಿಂಗಳಾದರೆ ಮೊದಲ ಇಪ್ಪತ್ತು ನಿಮಿಷ ಬಂಗಾರ.

ಗೆಳೆಯನಿಗೆ ಒಂದು ಫೋನ್ ಮಾಡಿ ಮೂರು ವಿಷಯ ಕೇಳಿ. ಮಂಟಪ ಬಯಲಿನಲ್ಲೋ, ಶಾಮಿಯಾನದ ಕೆಳಗೋ? ಮಂಟಪ ಯಾವ ದಿಕ್ಕಿಗೆ? ಶಾಮಿಯಾನ ಇದ್ದರೆ ಬಟ್ಟೆ ಯಾವ ಬಣ್ಣದ್ದು? ಮೂರನೆಯದನ್ನು ಕೇಳಿ ಅವನು ನಗಬಹುದು. ಆದರೆ ಕೆಂಪು ಅಥವಾ ಹಳದಿ ಬಟ್ಟೆಯಿಂದ ಸೋಸಿ ಬರುವ ಬೆಳಕಿನಲ್ಲಿ ಎಲ್ಲರ ಮುಖವೂ ಅರಿಶಿನ ಬಳಿದಂತೆ ಕಾಣುತ್ತದೆ. ಸ್ಕ್ಯಾನ್‌ನಲ್ಲಿ ಅದನ್ನು ಸರಿಪಡಿಸುವುದು ಸುಲಭವಲ್ಲ. ಬಿಳಿ ಬಟ್ಟೆಯಾದರೆ ಹಬ್ಬ.

ಹಂತ 2: ಕ್ಯಾಮೆರಾ ಆರಿಸಿ, ಮದುವೆಗೆ ಮೊದಲೇ ಒಂದು ರೋಲ್ ಓಡಿಸಿ

ಎರಡು ಕ್ಯಾಮೆರಾ ಸಾಕು. ಒಂದು, ಲೆನ್ಸಿನ ಮೂಲಕವೇ ನೋಡಿ ಕೈಯಲ್ಲೇ ಫೋಕಸ್ ಮಾಡುವ ಎಸ್‌ಎಲ್‌ಆರ್, ಅದಕ್ಕೆ 50 ಎಂಎಂ ಎಫ್ 1.8 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ). ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2, ಕ್ಯಾನನ್ ಎಇ-1, ಯಾವುದಾದರೂ ಆದೀತು. ಇನ್ನೊಂದು, ಒಳಗೇ ಫ್ಲಾಶ್ ಇರುವ ಚಿಕ್ಕ ಪಾಯಿಂಟ್ ಆಂಡ್ ಶೂಟ್. ಅಪ್ಪನ ಬೀರುವಿನಲ್ಲಿ ಯಾಶಿಕಾ ಎಂಎಫ್-2 ಅಥವಾ ಕೊಡಕ್ ಕೆಬಿ10 ಮಲಗಿದ್ದರೆ ಅದೂ ನಡೆಯುತ್ತದೆ. ಇಂಥ ಫಿಕ್ಸೆಡ್ ಫೋಕಸ್ ಕ್ಯಾಮೆರಾದಲ್ಲಿ ನಾಲ್ಕೈದು ಅಡಿಗಿಂತ ಹತ್ತಿರ ಹೋಗಬೇಡಿ, ಅಷ್ಟೇ. ಮಂಜಾಗುತ್ತದೆ.

ಲೆನ್ಸ್ ಬ್ಯಾಗು ತುಂಬಿಕೊಂಡು ಹೋಗುವ ಆಸೆ ಬಿಡಿ. 50ರ ಜೊತೆ ಬೇಕೇ ಬೇಕು ಅಂದರೆ ಅಗಲ ನೋಟದ 35 ಅಥವಾ 28 ಒಂದನ್ನು ಇಟ್ಟುಕೊಳ್ಳಿ, ಊಟದ ಪಂಕ್ತಿಗೆ ಬೇಕಾಗುತ್ತದೆ. ಜೂಮ್ ಬೇಡ. ಹಳೆಯ ಜೂಮ್‌ಗಳು ಎಫ್ 3.5, 4ರಿಂದ ಶುರುವಾಗುತ್ತವೆ, ರಾತ್ರಿ ಕೈ ಕೊಡುತ್ತವೆ.

ಹಳೆಯ ಕ್ಯಾಮೆರಾ ಅಂದ ಮೇಲೆ ಪರೀಕ್ಷೆ ಮಾಡದೆ ಮದುವೆಗೆ ಒಯ್ಯಬಾರದು. ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಹಿಂಬಾಗಿಲು ತೆರೆದು ಅಂಚಿನ ಕಪ್ಪು ಫೋಮ್ ಮುಟ್ಟಿ ನೋಡಿ. ಬೆರಳಿಗೆ ಟಾರಿನಂತೆ ಅಂಟಿದರೆ ಬೆಳಕು ಒಳಗೆ ಸೋರುತ್ತದೆ, ಬದಲಾಯಿಸಲೇಬೇಕು. ಬಾಗಿಲು ತೆರೆದೇ ಶಟರ್ ಒತ್ತಿ, ಒಂದು ಸೆಕೆಂಡು, ಅರ್ಧ, ಕಾಲು ಸೆಕೆಂಡು ಕಿವಿಗೊಟ್ಟು ಕೇಳಿ. ನಿಧಾನದ ವೇಗದಲ್ಲಿ ಎಳೆದಾಡುವ ಕ್ಯಾಮೆರಾ ರಾತ್ರಿ ಕೆಲಸಕ್ಕೆ ಆಗದು. ಆಮೇಲೆ ಒಂದು ಅಗ್ಗದ ರೋಲ್ ಹಾಕಿ, ಮನೆಯಲ್ಲಿ, ಬೀದಿಯಲ್ಲಿ, ರಾತ್ರಿ ದೀಪದಲ್ಲಿ ತೆಗೆದು ತೊಳೆಸಿ. ಮದುವೆಗೆ ಕನಿಷ್ಠ ಮೂರು ವಾರ ಮೊದಲು ಇದು ಮುಗಿದಿರಲಿ, ಏನಾದರೂ ರಿಪೇರಿ ಬಂದರೆ ಸಮಯ ಬೇಕಲ್ಲ.

ಬ್ಯಾಟರಿ ಎರಡು ಜೊತೆ ಇರಲಿ. ಎಇ-1ಗೆ ಬೇಕಾದ 6 ವೋಲ್ಟಿನ ಸೆಲ್ ಗೋಕರ್ಣದ ರಥಬೀದಿಯಲ್ಲಿ ಹುಡುಕುತ್ತಾ ಅಲೆಯುವುದು ಬೇಡ, ಅದಿಲ್ಲದೆ ಆ ಕ್ಯಾಮೆರಾದ ಶಟರ್ರೇ ಓಡುವುದಿಲ್ಲ. ಕೆ1000, ಎಫ್‌ಎಂ2ಗಳಲ್ಲಿ ಸೆಲ್ ಹೋದರೆ ಬೆಳಕು ಅಳೆಯುವ ಮೀಟರ್ ಮಾತ್ರ ಹೋಗುತ್ತದೆ, ಕ್ಯಾಮೆರಾ ನಡೆಯುತ್ತಲೇ ಇರುತ್ತದೆ. ಕೆ1000ಗೆ ಮೀಟರ್ ಆಫ್ ಮಾಡುವ ಸ್ವಿಚ್ಚೇ ಇಲ್ಲ, ಲೆನ್ಸ್ ಕ್ಯಾಪ್ ಹಾಕುವುದೇ ಆಫ್ ಮಾಡಿದಂತೆ.

ಹಂತ 3: ರೋಲ್ ಎಷ್ಟು, ಯಾವುದು

ಎರಡು ದಿನದ ಮದುವೆಗೆ 36 ಫ್ರೇಮಿನ ಆರು ರೋಲ್ ನನ್ನ ಲೆಕ್ಕ. 216 ಫ್ರೇಮ್. ಬಾಡಿಗೆ ತಂಡದ ಹುಡುಗ ಮೆಹಂದಿ ಮುಗಿಯುವುದರೊಳಗೆ ಅದಕ್ಕಿಂತ ಜಾಸ್ತಿ ಒತ್ತಿರುತ್ತಾನೆ, ಆ ಯೋಚನೆ ಬೇಡ. ರೋಲ್ ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಒಂದಕ್ಕೆ ಒಂದೂವರೆ ಸಾವಿರಕ್ಕಿಂತ ಕಡಿಮೆ ಬೀಳುವುದು ಈಗ ಕಷ್ಟ. ಅಂದರೆ ಒಂದು ಕ್ಲಿಕ್ಕಿಗೆ ನಲವತ್ತು ರೂಪಾಯಿ ದಾಟಿತು. ಆರು ರೋಲಿಗಿಂತ ಜಾಸ್ತಿ ತಂದರೆ ಜೇಬಿಗೆ ಭಾರ ಮಾತ್ರವಲ್ಲ, ನೋಡುವ ತಾಳ್ಮೆಯೂ ಹೋಗುತ್ತದೆ.

ಎರಡು ರೋಲ್ ಕೊಡಕ್ ಗೋಲ್ಡ್ 200 (ಈ ಸಂಖ್ಯೆ ಫಿಲಂನ ವೇಗ, ಅಂದರೆ ಐಎಸ್‌ಒ; ಅದು ಜಾಸ್ತಿಯಾದಷ್ಟೂ ಕಡಿಮೆ ಬೆಳಕು ಸಾಕು). ಬೆಳಿಗ್ಗೆಯ ತೀರ, ರಥಬೀದಿ, ಸಂಜೆಯ ಬಿಸಿಲಿಗೆ. ಅದರ ಬೆಚ್ಚಗಿನ ಬಣ್ಣ ಅರಿಶಿನ, ಬಾಳೆಎಲೆ, ಮಾವಿನ ತೋರಣಕ್ಕೆ ಚೆನ್ನಾಗಿ ಹೊಂದುತ್ತದೆ.

ಎರಡು ರೋಲ್ ಪೋರ್ಟ್ರಾ 400. ಮಂಟಪಕ್ಕೆ. ದುಬಾರಿ ಅನಿಸಿದರೆ ಅಲ್ಟ್ರಾಮ್ಯಾಕ್ಸ್ 400 ತನ್ನಿ, ಆಕಾಶ ಬೀಳುವುದಿಲ್ಲ. ಪೋರ್ಟ್ರಾದ ಹೆಚ್ಚುಗಾರಿಕೆ ಏನೆಂದರೆ ಬೆಳಕು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಜಾಸ್ತಿಯಾದರೂ ತಾಳಿಕೊಳ್ಳುತ್ತದೆ. ಬಿಳಿ ಪಂಚೆ ಮತ್ತು ಕಡುಗೆಂಪು ಧಾರೆ ಸೀರೆ ಪಕ್ಕಪಕ್ಕ ಕೂತಾಗ ಈ ಗುಣದ ಬೆಲೆ ಗೊತ್ತಾಗುತ್ತದೆ.

ಎರಡು ರೋಲ್ ಇಲ್ಫೋರ್ಡ್ ಎಚ್‌ಪಿ5 ಪ್ಲಸ್. ಕಪ್ಪು-ಬಿಳುಪು. ರಾತ್ರಿಗೆ. ಇದು 400ರ ಫಿಲಂ, ಆದರೆ 1600 ಎಂದು ಎಣಿಸಿ ತೆಗೆದು, ಲ್ಯಾಬಿಗೆ ಎರಡು ಸ್ಟಾಪ್ ಪುಶ್ ಮಾಡಲು, ಅಂದರೆ ಜಾಸ್ತಿ ಹೊತ್ತು ತೊಳೆಯಲು ಹೇಳಬೇಕು. ಆರತಕ್ಷತೆಯ ಸ್ಟೇಜ್ ಮೇಲಿನ ನೇರಳೆ, ಗುಲಾಬಿ ಎಲ್‌ಇಡಿ ಬೆಳಕು ಬಣ್ಣದ ಫಿಲಂ ಮೇಲೆ ಮುಖಗಳನ್ನು ಹಾಳು ಮಾಡುತ್ತದೆ. ಕಪ್ಪು-ಬಿಳುಪಿನಲ್ಲಿ ಆ ಗೋಳೇ ಇಲ್ಲ. ರಾತ್ರಿಗೂ ಬಣ್ಣವೇ ಬೇಕು ಎನ್ನುವವರು ಪೋರ್ಟ್ರಾ 800 ನೋಡಬಹುದು. ಸಿನೆಸ್ಟಿಲ್ 800ಟಿ ಕೂಡ ಇದೆ, ದೀಪದ ಸುತ್ತ ಕೆಂಪು ಪ್ರಭೆ ಬರುವುದು ಅದರ ಸ್ವಭಾವ. ಸೀರಿಯಲ್ ಲೈಟಿನ ಸಾಲಿಗೆ ಒಂದೆರಡು ಫ್ರೇಮ್ ಚೆಂದ. ಇಡೀ ರಾತ್ರಿ ಅದರಲ್ಲೇ ತೆಗೆದರೆ ನನಗಂತೂ ಬೇಸರ ಬರುತ್ತದೆ.

ನೆನಪಿಡಿ, ಪಾಯಿಂಟ್ ಆಂಡ್ ಶೂಟ್‌ಗಳಲ್ಲಿ ಹಲವು ಫಿಲಂ ಡಬ್ಬಿಯ ಮೇಲಿನ ಡಿಎಕ್ಸ್ ಕೋಡ್ ಓದಿ ತಾವೇ ವೇಗ ನಿರ್ಧರಿಸುತ್ತವೆ. ಅಂಥದ್ದರಲ್ಲಿ ಪುಶ್ ಆಟ ನಡೆಯುವುದಿಲ್ಲ. ಅದಕ್ಕೆ ಗೋಲ್ಡ್ ಹಾಕಿ, ಎಚ್‌ಪಿ5 ಎಸ್‌ಎಲ್‌ಆರ್‌ಗೆ ಇರಲಿ.

ಒಂದು ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ 'ಇಂದು' ಹೆಸರಿನಲ್ಲಿ ನಮ್ಮಲ್ಲೇ ಫಿಲಂ ಮಾಡುತ್ತಿತ್ತು. ಈಗ ಆ ಕಾರ್ಖಾನೆ ಮುಚ್ಚಿದೆ, ನಾವು ಕೊಳ್ಳುವುದೆಲ್ಲ ಹೊರಗಿನಿಂದ ಬಂದದ್ದು. ಹಾಗಾಗಿ ಮದುವೆಯ ಹಿಂದಿನ ವಾರ ಹೋಗಿ "ಇದೆಯಾ?" ಎಂದು ಕೇಳಬೇಡಿ, ಸ್ಟಾಕ್ ಇಲ್ಲದೆಯೂ ಇರಬಹುದು. ತಿಂಗಳ ಮೊದಲೇ ತಂದು ಫ್ರಿಜ್ಜಿನಲ್ಲಿಡಿ. ಹೊರಡುವ ಹಿಂದಿನ ರಾತ್ರಿ ಹೊರಗೆ ತೆಗೆಯಿರಿ. ತಣ್ಣಗಿರುವಾಗ ಡಬ್ಬಿ ಬಿಚ್ಚಿದರೆ ಫಿಲಂ ಮೇಲೆ ತೇವ ಕೂರುತ್ತದೆ.

ಹಂತ 4: ಪ್ರಯಾಣ, ಅಂದರೆ ಎಕ್ಸ್-ರೇ ತಪ್ಪಿಸುವ ಕಲೆ

ಬೆಂಗಳೂರಿನಿಂದ ಹೊರಡುವವರಿಗೆ ನನ್ನ ಸಲಹೆ ರಾತ್ರಿ ರೈಲು. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಗೋಕರ್ಣ ರೋಡ್‌ನಲ್ಲಿ ನಿಲ್ಲುತ್ತದೆ, ಅಲ್ಲಿಂದ ಆಟೋ. ವಿಮಾನದವರು ಗೋವಾಕ್ಕೆ ಇಳಿದು ರಸ್ತೆಯಲ್ಲಿ ಬರಬೇಕು.

ವಿಮಾನವಾದರೆ ಒಂದು ನಿಯಮ ಕಲ್ಲಿನ ಮೇಲೆ ಕೊರೆದಿಡಿ: ಚೆಕ್-ಇನ್ ಲಗೇಜಿನಲ್ಲಿ ಫಿಲಂ ಹಾಕಲೇಬಾರದು. ಅಲ್ಲಿನ ಎಕ್ಸ್-ರೇ ತೀರಾ ಜೋರು, ಫಿಲಂ ಮೇಲೆ ಮಂಜು ಹಿಡಿದಂತೆ ಆಗುತ್ತದೆ. ಕೈಚೀಲದ ಹಳೆಯ ಮಾದರಿಯ ಎಕ್ಸ್-ರೇಯಲ್ಲಿ 200, 400ರ ಫಿಲಂ ಒಂದೆರಡು ಸಲ ಹೋದರೆ ಕಣ್ಣಿಗೆ ಕಾಣುವಷ್ಟು ತೊಂದರೆ ಆಗುವುದಿಲ್ಲ. ಆದರೆ ಈಗ ವಿಮಾನ ನಿಲ್ದಾಣಗಳಿಗೆ ಬರುತ್ತಿರುವ, ಆಸ್ಪತ್ರೆಯಲ್ಲಿರುವಂಥ ಸಿಟಿ (CT) ಸ್ಕ್ಯಾನರ್‌ಗಳ ಕತೆ ಬೇರೆ. ಅದರಲ್ಲಿ ಯಾವ ವೇಗದ ಫಿಲಂ ಕೂಡ ಹಾಕಬೇಡಿ ಎಂದು ಫಿಲಂ ಮಾಡುವ ಕಂಪನಿಗಳೇ ಹೇಳುತ್ತವೆ. 800, 3200ರ ರೋಲ್‌ಗಳನ್ನು ಹಳೆಯ ಯಂತ್ರಕ್ಕೂ ಕೊಡದಿರುವುದೇ ಒಳ್ಳೆಯದು.

ಆದ್ದರಿಂದ ರೋಲ್‌ಗಳನ್ನು ಕಾಗದದ ಪೆಟ್ಟಿಗೆಯಿಂದ ತೆಗೆದು, ಒಳಗಿರುವುದು ಕಾಣುವಂಥ ಜಿಪ್ ಕವರಿನಲ್ಲಿ ಹಾಕಿಕೊಳ್ಳಿ. ಕ್ಯಾಮೆರಾದ ಒಳಗೆ ರೋಲ್ ಇರಬಾರದು. ಭದ್ರತಾ ಸಿಬ್ಬಂದಿಯ ಹತ್ತಿರ ಕವರ್ ಕೈಯಲ್ಲೇ ಹಿಡಿದು, "ಸರ್, ಇದು ಕ್ಯಾಮೆರಾ ಫಿಲಂ, ಎಕ್ಸ್-ರೇಯಲ್ಲಿ ಹಾಳಾಗುತ್ತದೆ, ಕೈಯಲ್ಲೇ ಚೆಕ್ ಮಾಡ್ತೀರಾ?" ಎಂದು ಕೇಳಿ. ಕ್ಯೂ ಉದ್ದ ಇಲ್ಲದ ಹೊತ್ತಿಗೆ ಹೋದರೆ ಒಪ್ಪುವ ಸಾಧ್ಯತೆ ಜಾಸ್ತಿ. ಒಪ್ಪದಿದ್ದರೆ ವಾದ ಬೇಡ. ಅವರ ಕೆಲಸ ಅವರಿಗೆ. ಹಳೆಯ ಯಂತ್ರವಿರುವ ಸಾಲಿಗೆ ಕಳಿಸಬಹುದೇ ಎಂದು ಕೇಳಿ ನೋಡಿ, ಅಷ್ಟೇ.

ರೈಲಿನವರೂ ಬೀಗಬೇಡಿ. ಮನೆಯಿಂದ ಸ್ಟೇಷನ್‌ಗೆ ನಮ್ಮ ಮೆಟ್ರೋದಲ್ಲಿ ಹೋದರೆ ಅಲ್ಲೂ ಬ್ಯಾಗ್ ಯಂತ್ರದೊಳಗೆ ಹೋಗುತ್ತದೆ, ದೊಡ್ಡ ರೈಲ್ವೆ ಸ್ಟೇಷನ್ನಿನಲ್ಲಿ ಮತ್ತೊಮ್ಮೆ. ಒಂದೊಂದೂ ಚಿಕ್ಕದೇ, ಆದರೆ ಎಕ್ಸ್-ರೇ ಹೊಡೆತ ಫಿಲಂ ಮೇಲೆ ಸೇರುತ್ತಾ ಹೋಗುತ್ತದೆ. ಕವರನ್ನು ಬ್ಯಾಗಿನಿಂದ ಹೊರಗೆ ತೆಗೆದು ಕೈಗೆ ಕೊಟ್ಟು ತೋರಿಸಿ.

ಹಂತ 5: ಉಪ್ಪು, ಮರಳು, ಎಸಿ ರೂಮು

ರೆಸಾರ್ಟ್ ತಲುಪಿದ ಮೇಲೆ ಕ್ಯಾಮೆರಾಗೆ ಮೂರು ಶತ್ರುಗಳು. ಅದರಲ್ಲಿ ಎಲ್ಲರೂ ಮರೆಯುವುದು ಎಸಿ. ತಣ್ಣನೆಯ ರೂಮಿನಿಂದ ತೀರದ ಹಸಿ ಗಾಳಿಗೆ ಬಂದ ಕೂಡಲೇ ಲೆನ್ಸ್ ಬೆವರುತ್ತದೆ, ಒರೆಸಿದರೂ ಮತ್ತೆ ಬರುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಕ್ಯಾಮೆರಾವನ್ನು ಬ್ಯಾಗಿನಲ್ಲಿ ಮುಚ್ಚಿ ರೂಮಿನ ಹೊರಗೆ ಜಗಲಿಯಲ್ಲೋ ಬಾಲ್ಕನಿಯಲ್ಲೋ ಇಡಿ. ಗಾಜು ನಿಧಾನಕ್ಕೆ ಹೊರಗಿನ ಬಿಸಿಗೆ ಹೊಂದಿಕೊಳ್ಳುತ್ತದೆ.

ಮರಳು ಇನ್ನೂ ಕೆಟ್ಟದ್ದು. ಫಿಲಂ ಡಬ್ಬಿಯ ಬಾಯಿಯಲ್ಲಿ ವೆಲ್ವೆಟ್‌ನಂಥ ಪಟ್ಟಿ ಇರುತ್ತದೆ, ನೋಡಿದ್ದೀರಲ್ವಾ? ಅಲ್ಲಿ ಒಂದೇ ಒಂದು ಕಣ ಸಿಕ್ಕಿಕೊಂಡರೂ ಸಾಕು. ಮೊದಲ ಫ್ರೇಮಿನಿಂದ ಕೊನೆಯವರೆಗೆ ನೆಗೆಟಿವ್ ಉದ್ದಕ್ಕೂ ಒಂದು ಗೀರು ಬೀಳುತ್ತದೆ. ಅದಕ್ಕೇ ತೀರದ ಮೇಲೆ ನಿಂತು ರೋಲ್ ಬದಲಾಯಿಸಬೇಡಿ. ಎಷ್ಟೇ ಅರ್ಜೆಂಟ್ ಇರಲಿ, ಗಾಳಿಗೆ ಬೆನ್ನು ಮಾಡಿ, ಗೋಡೆ ಮರೆಗೆ ಬಂದು, ಒಣ ಕೈಯಿಂದ ಬದಲಾಯಿಸಿ. ಒಂದು ಗಾಳಿ ಪಂಪು, ಸಣ್ಣ ಬ್ರಶ್ಶು ಜೇಬಿನಲ್ಲಿರಲಿ.

ಉಪ್ಪುಗಾಳಿಗೆ ಲೆನ್ಸ್ ಮುಂದೆ ಯುವಿ ಫಿಲ್ಟರ್ ಹಾಕಿ. ಉಳಿದ ದಿನ ಅದರ ಬಗ್ಗೆ ನನಗೆ ದೊಡ್ಡ ಗೌರವವಿಲ್ಲ, ಸಮುದ್ರದ ಬದಿ ಮಾತ್ರ ಬೇಕು. ರಾತ್ರಿ ಒಣ ಬಟ್ಟೆಯಿಂದ ಬಾಡಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ರೋಲ್‌ಗಳನ್ನು ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮರೆತೂ ಬಿಡಬೇಡಿ.

ಹಂತ 6: ಬಾಡಿಗೆ ತಂಡದ ಜೊತೆ ಮೊದಲೇ ಮಾತಾಡಿ

ಮೊದಲ ದಿನ ಸಂಜೆ ಮೆಹಂದಿ ಹೊತ್ತಿಗೇ ಅವರ ಮುಖ್ಯಸ್ಥನನ್ನು ಹುಡುಕಿ ಪರಿಚಯ ಮಾಡಿಕೊಳ್ಳಿ. "ಅಣ್ಣ, ನಾನು ಹುಡುಗನ ಫ್ರೆಂಡು, ಫಿಲಂನಲ್ಲಿ ನಾಲ್ಕು ಫೋಟೋ ತೆಗೀತೀನಿ. ನಿಮ್ಮ ಫ್ರೇಮಿಗೆ ಅಡ್ಡ ಬಂದ್ರೆ ಕೂಗಿ ಹೇಳಿ." ಇಷ್ಟು ಸಾಕು. ಅವರ ವಿಡಿಯೋದವನು ಯಾವ ಕಡೆ ನಿಲ್ಲುತ್ತಾನೆ, ಡ್ರೋನ್ ಯಾವಾಗ ಹಾರುತ್ತದೆ ಎಂದು ಕೇಳಿಟ್ಟುಕೊಳ್ಳಿ. ಅವರಿಗೂ ಫಿಲಂ ಮೇಲೆ ಕುತೂಹಲ ಇರುತ್ತದೆ. ಹಳೆಯ ಸ್ಟುಡಿಯೋದವರಾದರೆ ಯಾಶಿಕಾ ಮ್ಯಾಟ್ ಹಿಡಿದು ಮದುವೆ ಮಾಡಿದ ಕತೆ ಶುರುವಾಗಿ ನಿಮ್ಮ ಕಾಫಿ ಆರಿಹೋಗಬಹುದು.

ಮನೆಯವರಿಗೂ ತಿಳಿಸಿ. ಮುಖ್ಯವಾಗಿ ಹುಡುಗಿಯ ಕಡೆಯವರಿಗೆ. ಹೆಣ್ಣುಮಕ್ಕಳು ಸಿಂಗಾರ ಮಾಡಿಕೊಳ್ಳುವ ಕೋಣೆಗೆ ಕರೆಯದೆ ಹೋಗಬೇಡಿ. ಮಹಾಬಲೇಶ್ವರನ ದರ್ಶನಕ್ಕೆ ಎಲ್ಲರೂ ಹೊರಟರೆ ಕ್ಯಾಮೆರಾ ರೂಮಿನಲ್ಲೇ ಇರಲಿ. ಬೀದಿಯಲ್ಲಿ ನಿಂತ ತೇರಿನ ಮುಂದೆ ಮದುಮಗನ ಸೋದರಮಾವನ ಫೋಟೋ ಬೇಕಿದ್ದರೆ ಬೇರೆ ಹೊತ್ತಿನಲ್ಲಿ ಹೋಗಿ ಬನ್ನಿ.

ಹಂತ 7: ಮುಹೂರ್ತ

ಇಲ್ಲಿ ಸ್ವಲ್ಪ ನಿಧಾನಿಸೋಣ.

ಬೆಳಿಗ್ಗೆ ಹೊಸ ರೋಲ್ ಹಾಕಿ. ಹಿಂದಿನ ದಿನದ್ದು ಹತ್ತು ಫ್ರೇಮ್ ಉಳಿದಿದ್ದರೂ ಪರವಾಗಿಲ್ಲ, ಅದನ್ನು ಕಾಶಿಯಾತ್ರೆಗೆ ಖರ್ಚು ಮಾಡಿ ಮುಗಿಸಿ. ಛತ್ರಿ, ಕೋಲು, ಪಂಚಾಂಗ ಹಿಡಿದು ಹೊರಟ ಗೆಳೆಯ, ಅವನನ್ನು ತಡೆದು ಒಪ್ಪಿಸುವ ಮಾವ. ಸಮುದ್ರದ ಬದಿಯಲ್ಲಿ ಕಾಶಿಯಾತ್ರೆ ಇನ್ನೂ ಮಜಾ, ಮದುಮಗ ಮರಳಿನಲ್ಲಿ ಚಪ್ಪಲಿ ಎಳೆದುಕೊಂಡು ನಡೆಯುತ್ತಾನೆ. ಎಲ್ಲರೂ ನಗುತ್ತಿರುತ್ತಾರೆ, ನಿಮ್ಮನ್ನು ಯಾರೂ ನೋಡುವುದಿಲ್ಲ.

ಹೊಸ ರೋಲ್ ಹಾಕಿದ ಮೇಲೆ ರಿವೈಂಡ್ ಗುಂಡಿಯನ್ನು ನಿಧಾನಕ್ಕೆ ತಿರುಗಿಸಿ ಸಡಿಲ ತೆಗೆಯಿರಿ. ಆಮೇಲೆ ಫಿಲಂ ಮುಂದೆ ಸರಿಸುವ ಲಿವರ್ ಎಳೆದಾಗ ಆ ಗುಂಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲಂ ಹಲ್ಲಿಗೆ ಸಿಕ್ಕಿಲ್ಲ, ನೀವು ಖಾಲಿ ಕ್ಯಾಮೆರಾದಲ್ಲಿ ಮದುವೆ ತೆಗೆಯುತ್ತಿದ್ದೀರಿ. ಪ್ರತಿ ರೋಲಿಗೂ ಇದನ್ನು ನೋಡಿ.

ಚಪ್ಪರದ ನೆರಳಿನಲ್ಲಿ, ಹೊರಗೆ ಒಳ್ಳೆಯ ಬಿಸಿಲಿದ್ದರೆ, 400ರ ಫಿಲಂಗೆ ಶಟರ್ 1/250 ಸೆಕೆಂಡು, ಎಫ್ 5.6ರ ಹತ್ತಿರ ಬರುತ್ತದೆ. ಮಂಟಪದ ಹಿಂದೆ ಸಮುದ್ರ ಹೊಳೆಯುತ್ತಿದ್ದರೆ ಮೀಟರ್ ಮೋಸ ಹೋಗುತ್ತದೆ, ಹಿಂದಿನ ಬೆಳಕನ್ನು ನೋಡಿ ಮುಖಗಳನ್ನು ಕಪ್ಪು ಮಾಡುತ್ತದೆ. ಸುಲಭದ ದಾರಿ ಒಂದಿದೆ. ಮದುಮಕ್ಕಳ ಮೇಲೆ ಬೀಳುವ ಬೆಳಕಿನಲ್ಲೇ ನಿಮ್ಮ ಅಂಗೈ ಹಿಡಿಯಿರಿ, ಅಂಗೈ ಫ್ರೇಮ್ ತುಂಬುವಂತೆ ಮೀಟರ್ ಓದಿ, ಅದಕ್ಕಿಂತ ಒಂದು ಸ್ಟಾಪ್ ತೆರೆಯಿರಿ. ಆ ಎಣಿಕೆಯನ್ನು ಹಾಗೇ ಇಟ್ಟುಕೊಂಡು ಮೀಟರ್ ಸೂಜಿ ಏನೇ ಹೇಳಲಿ ಬದಲಾಯಿಸಬೇಡಿ, ಬೆಳಕು ಬದಲಾಗುವವರೆಗೆ. ಸಂಶಯ ಬಂದರೆ ಬಣ್ಣದ ನೆಗೆಟಿವ್‌ಗೆ ಬೆಳಕು ಜಾಸ್ತಿ ಕೊಡಿ. ಕಡಿಮೆಯಾದರೆ ನೆರಳು ಕೆಸರಾಗುತ್ತದೆ, ಜಾಸ್ತಿಯಾದರೆ ಏನೂ ಆಗದು.

ಮನೆತನದಿಂದ ಮನೆತನಕ್ಕೆ ಶಾಸ್ತ್ರದ ಕ್ರಮ ಬದಲಾಗುತ್ತದೆ. ಪುರೋಹಿತರನ್ನೇ ಮೆಲ್ಲಗೆ ಕೇಳಿ: "ಆಚಾರ್ರೇ, ಅಂತರಪಟ ಎಷ್ಟೊತ್ತಿಗೆ ತೆಗೀತೀರಿ?" ಅವರು ಹೇಳುತ್ತಾರೆ. ಅಂತರಪಟ ಸರಿಯುವ ಹೊತ್ತು ನಿಮಗೆ ಒಂದೇ ಫ್ರೇಮಿನ ಅವಕಾಶ. ಲಿವರ್ ಎಳೆದು ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಜೀರಿಗೆ ಬೆಲ್ಲ ತಲೆ ಮೇಲೆ ಕೂತಿರುತ್ತದೆ. ಬಟ್ಟೆ ಇನ್ನೂ ಇರುವಾಗಲೇ ಒಂದು ತೆಗೆಯಿರಿ. ಆ ಕಡೆ ಹುಡುಗಿ, ಈ ಕಡೆ ಹುಡುಗ, ನಡುವೆ ಸ್ವಸ್ತಿಕ ಬರೆದ ಬಟ್ಟೆ, ಇಬ್ಬರ ಕಣ್ಣೂ ಕೆಳಗೆ. ನನಗೆ ಕೇಳಿದರೆ ಸರಿದ ಮೇಲಿನ ಫೋಟೋಗಿಂತ ಇದೇ ಮೇಲು.

ಆಮೇಲೆ ಗಟ್ಟಿಮೇಳ. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದ ಕೂಡಲೇ ನಾದಸ್ವರ, ಡೋಲು ಒಮ್ಮೆಲೇ ಏರುತ್ತವೆ, ನೆರೆದವರೆಲ್ಲ ಎದ್ದು ಅಕ್ಷತೆ ಎಸೆಯುತ್ತಾರೆ. ಬಾಡಿಗೆ ತಂಡದ ಮೂರು ಕ್ಯಾಮೆರಾ, ನೂರು ಮೊಬೈಲು ತಾಳಿಯ ಮೇಲಿರುತ್ತವೆ. ನೀವು ಅಲ್ಲಿ ನುಗ್ಗಿ ಸಿಗುವುದು ಯಾರದೋ ಮೊಣಕೈ. ಅದರ ಬದಲು ಮೊದಲೇ ಮಂಟಪದ ಪಕ್ಕ, ಸ್ವಲ್ಪ ಹಿಂದೆ ಜಾಗ ಹಿಡಿದು, ಜನರ ಕಡೆಗೆ ತಿರುಗಿ ನಿಲ್ಲಿ. ಹತ್ತು ಅಡಿಗೆ ಫೋಕಸ್ ಇಟ್ಟು ಎಫ್ 8 ಮಾಡಿ, ಶಟರ್ 1/125 ಆದರೂ ಇರಲಿ. ಗಾಳಿಯಲ್ಲಿ ಅಕ್ಷತೆ, ಎತ್ತಿದ ಕೈಗಳು, ಹಿಂದಿನ ಸಾಲಿನಲ್ಲಿ ಕಾಣದೆ ಕುರ್ಚಿ ಹತ್ತಿದ ಮಕ್ಕಳು. ಹುಡುಗಿಯ ಅಮ್ಮ ಸೆರಗು ಬಾಯಿಗೆ ಹಿಡಿದು ನಿಂತಿರುತ್ತಾರೆ, ಆ ಕಡೆ ಒಂದು ಫ್ರೇಮ್ ಉಳಿಸಿಕೊಳ್ಳಿ.

ಒಂದು ಸಣ್ಣ ಎಚ್ಚರಿಕೆ. ನಿಮ್ಮ ಕೈಗೂ ಯಾರಾದರೂ ಅಕ್ಷತೆ ಹಾಕಿರುತ್ತಾರೆ. ಬೆವರಿದ ಅಂಗೈಗೆ ಅರಿಶಿನದ ಅಕ್ಕಿ ಅಂಟಿಕೊಂಡು ಫೋಕಸ್ ರಿಂಗಿನ ಸಂದಿಗೆ, ಲಿವರಿನ ಬುಡಕ್ಕೆ ಕಾಳು ಸೇರುತ್ತದೆ. ಅದಕ್ಕೇ ಅಕ್ಷತೆ ಎಡಗೈಗೆ ಹಾಕಿಸಿಕೊಳ್ಳದೆ ಅಂಗಿಯ ಜೇಬಿಗೆ ಹಾಕಿಸಿಕೊಳ್ಳಿ. ಒಂದು ಫ್ರೇಮ್ ಒತ್ತಿದ ಮೇಲೆ ಎಸೆದರೂ ಆಶೀರ್ವಾದ ತಲುಪುತ್ತದೆ. ಅದನ್ನು ಮಾತ್ರ ತಪ್ಪಿಸಬೇಡಿ, ಅತಿಥಿಯಾಗಿ ಬಂದಿದ್ದೀರಿ.

ಲಾಜಾಹೋಮದ ಹೊಗೆ ಹಿಂದಿನಿಂದ ಬೆಳಕು ಬಿದ್ದರೆ ಅದ್ಭುತವಾಗಿ ಬರುತ್ತದೆ. ಬೆಳಕಿಗೆ ಎದುರಾಗಿ ನಿಂತು, ಸೂರ್ಯ ಲೆನ್ಸಿಗೆ ನೇರ ಬೀಳದಂತೆ ಚಪ್ಪರದ ಕಂಬದ ಮರೆ ಹಿಡಿಯಿರಿ. ಸಪ್ತಪದಿಯಲ್ಲಿ ಕಾಲುಗಳನ್ನು ನೋಡಿ. ಇಡೀ ಬೆಳಗಿಗೆ ಒಂದೂವರೆ ರೋಲ್ ಖರ್ಚಾಗಿದ್ದರೆ ಸರಿಯಾದ ವೇಗದಲ್ಲಿದ್ದೀರಿ.

ರೋಲ್ ಕೊನೆಗೆ ಬಂದಾಗ ಲಿವರ್ ಗಟ್ಟಿಯಾದರೆ ಬಲ ಹಾಕಬೇಡಿ, ಹರಿಯುತ್ತದೆ. ಕ್ಯಾಮೆರಾದ ತಳದ ಗುಂಡಿ ಒತ್ತಿ ರಿವೈಂಡ್ ಮಾಡಿ. ಅಕಸ್ಮಾತ್ ಹರಿದರೆ ಹಿಂಬಾಗಿಲು ತೆರೆಯದೆ ಆ ಕ್ಯಾಮೆರಾ ಎತ್ತಿಟ್ಟು, ಹಾಗೇ ಲ್ಯಾಬಿಗೆ ಕೊಡಿ. ಅವರು ಕತ್ತಲಲ್ಲಿ ತೆಗೆಯುತ್ತಾರೆ.

ಹಂತ 8: ಪಂಕ್ತಿ ಮತ್ತು ಅಡುಗೆಮನೆ

ಬಾಡಿಗೆ ತಂಡ ಊಟಕ್ಕೆ ಕೂತಾಗ ನಿಮ್ಮ ಕೆಲಸ ಶುರು. ಪಂಕ್ತಿಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು, 28 ಅಥವಾ 35ರಲ್ಲಿ ಎಲೆಗಳ ಸಾಲು ಹಿಡಿಯಿರಿ. ಜನ ಬಾಯಿಗೆ ತುತ್ತಿಡುವಾಗ ಮಾತ್ರ ಒತ್ತಬೇಡಿ, ಯಾರಿಗೂ ಇಷ್ಟವಾಗುವುದಿಲ್ಲ. ಬಡಿಸುವವನು ಸಾರಿನ ಬಕೆಟ್ ಹಿಡಿದು ಬಗ್ಗಿದಾಗ, ಅಜ್ಜ ಎರಡನೇ ಸಲ ಪಾಯಸಕ್ಕೆ "ಸಾಕು ಸಾಕು" ಎನ್ನುತ್ತಾ ಎಲೆ ಮುಂದೆ ತಳ್ಳಿದಾಗ, ಅದು ಫ್ರೇಮ್.

ಅಡುಗೆಭಟ್ಟರ ಕಡೆ ಹೋಗುವುದಾದರೆ ಕೇಳಿ ಹೋಗಿ. ಮಡಿಯ ಅಡುಗೆಯಾದರೆ ಬಾಗಿಲ ಹೊರಗೇ ನಿಲ್ಲಿ. ಕೊಪ್ಪರಿಗೆಯ ಹಬೆಗೆ ಲೆನ್ಸ್ ಮಬ್ಬಾಗುತ್ತದೆ, ಎರಡು ಮಾರು ದೂರ ಇರಿ. ಒಳಗೆ ಕತ್ತಲು, ಎಚ್‌ಪಿ5 ಹಾಕಿದ್ದರೆ ಇಲ್ಲೇ ಅದರ ಮೊದಲ ಹತ್ತು ಫ್ರೇಮ್ ಖರ್ಚು ಮಾಡಬಹುದು.

ಅರ್ಧ ಮುಗಿದ ರೋಲ್ ತೆಗೆದು ಬೇರೆ ಹಾಕಬೇಕೆಂದರೆ ಹೀಗೆ ಮಾಡಿ. ಫ್ರೇಮ್ ಸಂಖ್ಯೆ ಬರೆದುಕೊಳ್ಳಿ. ಮೆಲ್ಲಗೆ ರಿವೈಂಡ್ ಮಾಡುತ್ತಾ ಕಿವಿ ಇಡಿ. ಟಪ್ ಎಂದು ಫಿಲಂ ಬಿಟ್ಟ ಸದ್ದು ಬಂದ ಕೂಡಲೇ ನಿಲ್ಲಿಸಿದರೆ ನಾಲಿಗೆ, ಅಂದರೆ ಫಿಲಂನ ಮೊದಲ ತುದಿ, ಡಬ್ಬಿಯ ಹೊರಗೇ ಉಳಿಯುತ್ತದೆ. ಆ ನಾಲಿಗೆಯ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಸಂಖ್ಯೆ ಬರೆಯಿರಿ. ಮತ್ತೆ ಹಾಕುವಾಗ ಲೆನ್ಸ್ ಕ್ಯಾಪ್ ಮುಚ್ಚಿ, ಅತಿ ವೇಗದ ಶಟರ್, ಎಫ್ 16 ಇಟ್ಟು ಆ ಸಂಖ್ಯೆ ದಾಟಿ ಎರಡು ಫ್ರೇಮ್ ಮುಂದಕ್ಕೆ ಒತ್ತುತ್ತಾ ಹೋಗಿ.

ಹಂತ 9: ಸಂಜೆಯಿಂದ ರಾತ್ರಿಗೆ

ಸೂರ್ಯ ಮುಳುಗುವ ಹೊತ್ತಿಗೆ ಮದುಮಕ್ಕಳನ್ನು ಐದು ನಿಮಿಷ ಕೇಳಿ ಪಡೆಯಿರಿ. ತಂಡದವರು ಡ್ರೋನ್ ಹಾರಿಸಿದ ಮೇಲೆ, ಮೊದಲಲ್ಲ. ಸೂರ್ಯ ಅವರ ಬೆನ್ನಿಗಿದ್ದರೆ ಎರಡೇ ದಾರಿ: ಮುಖದ ಬೆಳಕು ಅಳೆದು ಆಕಾಶವನ್ನು ಬೆಳ್ಳಗಾಗಲು ಬಿಡಿ, ಇಲ್ಲವೇ ಆಕಾಶದ ಬೆಳಕು ಅಳೆದು ಅವರನ್ನು ಕಪ್ಪು ಆಕೃತಿ ಮಾಡಿ. ನಡುವಿನದ್ದು ಎರಡೂ ಕೆಡಿಸುತ್ತದೆ. ಫ್ಲಾಶ್ ಇಲ್ಲದೆ ತೆಗೆಯಲು ಸೂರ್ಯ ಮುಳುಗಿದ ಮೇಲಿನ ಕಾಲು ಗಂಟೆ ಗೋಲ್ಡ್ 200ಕ್ಕೆ ಕೊನೆಯ ಅವಕಾಶ.

ಕತ್ತಲಾದ ಮೇಲೆ ಎಸ್‌ಎಲ್‌ಆರ್‌ನಲ್ಲಿ ಎಚ್‌ಪಿ5, ಐಎಸ್‌ಒ ಡಯಲ್ 1600. ಸೀರಿಯಲ್ ಲೈಟಿನ ಅಂಗಳದಲ್ಲಿ 1/30, ಎಫ್ 2. ಸ್ಟೇಜ್ ಹತ್ತಿರ ಬೆಳಕು ಜಾಸ್ತಿ, 1/60, ಎಫ್ 2.8 ಇಟ್ಟು ನೋಡಿ. ಕೈ ನಡುಗದಂತೆ ಕಂಬಕ್ಕೋ ಕುರ್ಚಿಗೋ ಒರಗಿ, ಉಸಿರು ಬಿಟ್ಟು ಒತ್ತಿ. ಒಂದೇ ರೋಲಿನಲ್ಲಿ ಅರ್ಧ 400, ಅರ್ಧ 1600 ಮಾಡುವಂತಿಲ್ಲ. ಇಡೀ ರೋಲ್ ಒಟ್ಟಿಗೇ ತೊಳೆಯುತ್ತಾರೆ.

ಕುಣಿಯುವ ಹೊತ್ತಿಗೆ ಪಾಯಿಂಟ್ ಆಂಡ್ ಶೂಟ್ ತೆಗೆಯಿರಿ. ನೇರ ಫ್ಲಾಶ್, ಆರೇಳು ಅಡಿ ದೂರ. ಚಿಕ್ಕ ಫ್ಲಾಶ್ ಅದಕ್ಕಿಂತ ತುಂಬ ದೂರ ಹೋಗುವುದಿಲ್ಲ. ಎಸ್‌ಎಲ್‌ಆರ್‌ಗೆ ಫ್ಲಾಶ್ ಹಾಕುವವರು ಸಿಂಕ್ ವೇಗ, ಅಂದರೆ ಫ್ಲಾಶ್ ಜೊತೆ ನಡೆಯುವ ಅತಿ ಹೆಚ್ಚಿನ ಶಟರ್ ವೇಗ ನೋಡಿಕೊಳ್ಳಿ. ಕೆ1000, ಎಇ-1ಗಳಲ್ಲಿ 1/60 ದಾಟಿದರೆ ಫ್ರೇಮಿನ ಒಂದು ಭಾಗ ಕಪ್ಪಾಗುತ್ತದೆ. ಗೈಡ್ ನಂಬರ್ (ಫ್ಲಾಶಿನ ಶಕ್ತಿ ಹೇಳುವ, 100ರ ಫಿಲಂಗೆ ಕೊಟ್ಟ ಅಂಕಿ) 20 ಮೀಟರ್ ಇರುವ ಫ್ಲಾಶ್ 400ರ ಫಿಲಂ ಮೇಲೆ 40ರಂತೆ ವರ್ತಿಸುತ್ತದೆ. ಐದು ಮೀಟರ್ ದೂರಕ್ಕೆ 40 ಭಾಗಿಸು 5, ಅಂದರೆ ಎಫ್ 8. ಇಷ್ಟೇ ಗಣಿತ.

ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಫ್ಲಾಶ್ ಬೇಡ. ಅಲ್ಲಿ ಅಳುವವರ ಮುಖಕ್ಕೆ ಬೆಳಕು ಹೊಡೆಯುವುದು ತಪ್ಪು. ದೂರದಿಂದ ಒಂದೆರಡು ತೆಗೆದು ಕ್ಯಾಮೆರಾ ಕೆಳಗಿಳಿಸಿ.

ಹಂತ 10: ವಾಪಸ್, ಲ್ಯಾಬು, ನೆಗೆಟಿವ್

ಮುಗಿದ ಪ್ರತಿ ರೋಲಿನ ಮೇಲೆ ಆಗಲೇ ಬರೆಯಿರಿ: ಕ್ರಮಸಂಖ್ಯೆ, ಯಾವ ಕಾರ್ಯಕ್ರಮ, ಪುಶ್ ಇದ್ದರೆ ಎಷ್ಟು. ಮುಗಿದ ರೋಲಿನ ನಾಲಿಗೆ ಪೂರ್ತಿ ಒಳಗೆ ಹೋಗಿರಲಿ, ಇಲ್ಲವಾದರೆ ರಾತ್ರಿಯ ಗಡಿಬಿಡಿಯಲ್ಲಿ ಅದನ್ನೇ ಮತ್ತೆ ಹಾಕಿಬಿಡುವ ಅಪಾಯ. ವಾಪಸ್ ಬರುವಾಗ ಎಕ್ಸ್-ರೇ ಎಚ್ಚರ ಇನ್ನೂ ಜಾಸ್ತಿ ಬೇಕು, ಈಗ ಒಳಗೆ ಮದುವೆ ಇದೆ. ಕೊರಿಯರ್‌ಗಿಂತ ಕೈಯಾರೆ ಲ್ಯಾಬಿಗೆ ಕೊಡುವುದೇ ವಾಸಿ, ಅದೂ ಬಂದ ವಾರದೊಳಗೆ. ಎಲ್ಲ ಆರೂ ರೋಲ್ ಒಂದೇ ಸಲ ಕೊಡದೆ ಮೊದಲು ಎರಡು ಕೊಟ್ಟು ಫಲಿತಾಂಶ ನೋಡಿ. ಲ್ಯಾಬಿನ ರಾಸಾಯನಿಕ ಹಳತಾಗಿದ್ದರೆ ಗೊತ್ತಾಗುತ್ತದೆ.

ಬಣ್ಣದ ರೋಲ್‌ಗಳು ಸಿ-41 ಪ್ರಕ್ರಿಯೆಗೆ ಹೋಗುತ್ತವೆ. ಎಚ್‌ಪಿ5 ಕಪ್ಪು-ಬಿಳುಪಿನ ಬೇರೆ ಡೆವಲಪರ್‌ಗೆ. ಬಣ್ಣದ್ದು ಮಾತ್ರ ತೊಳೆಯುವ ಲ್ಯಾಬಿಗೆ ಎಚ್‌ಪಿ5 ಕೊಡುವ ಮೊದಲು ಕೇಳಿ. "ಎರಡು ಸ್ಟಾಪ್ ಪುಶ್" ಎಂದು ಬಾಯಲ್ಲೂ ಹೇಳಿ, ಚೀಟಿಯಲ್ಲೂ ಬರೆಯಿರಿ. ಸ್ಕ್ಯಾನ್ ದೊಡ್ಡ ಸೈಜಿನಲ್ಲೇ ಮಾಡಿಸಿ. ಚಿಕ್ಕದು ಮೊಬೈಲಿಗೆ ಸಾಕು, ಪ್ರಿಂಟಿಗೆ ಸಾಲದು.

ಮದುಮಕ್ಕಳಿಗೆ 216 ಫೈಲ್ ಸುರಿಯಬೇಡಿ. ನಲವತ್ತು ಆರಿಸಿ, 4x6 ಪ್ರಿಂಟ್ ಹಾಕಿಸಿ, ಪುಟ್ಟ ಆಲ್ಬಮ್ ಮಾಡಿ ಕೊಡಿ. ಕುಟುಂಬದ ವಾಟ್ಸಾಪ್ ಗ್ರೂಪಿಗೆ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಫಿಲಂನ ಸಣ್ಣ ಕಣಗಳು, ಆ ಗ್ರೇನ್ ಎಲ್ಲ ಕಲಸಿಹೋಗುತ್ತದೆ. ಬಾಡಿಗೆ ತಂಡದವರ ಆಲ್ಬಮ್ ಬರುವ ಮೊದಲೇ ನಿಮ್ಮ ಫೋಟೋಗಳನ್ನು ಎಲ್ಲೆಡೆ ಹಾಕುವುದಿದ್ದರೆ ಗೆಳೆಯನನ್ನು ಒಂದು ಮಾತು ಕೇಳಿ.

ನೆಗೆಟಿವ್ ವಾಪಸ್ ತರುವುದನ್ನು ಮರೆಯಬೇಡಿ. ಬಹಳ ಜನ ಸ್ಕ್ಯಾನ್ ಬಂದ ಮೇಲೆ ಲ್ಯಾಬಿನ ಕಡೆ ತಲೆಯೇ ಹಾಕುವುದಿಲ್ಲ, ಕೆಲವು ಕಡೆ ಕೆಲವು ತಿಂಗಳಿಟ್ಟು ಎಸೆದುಬಿಡುತ್ತಾರೆ. ಎಷ್ಟು ದಿನ ಇಡುತ್ತೀರಿ ಎಂದು ಕೊಡುವಾಗಲೇ ಕೇಳಿ. ಆರಾರು ಫ್ರೇಮಿನ ತುಂಡಾಗಿ ಕತ್ತರಿಸಿ, ಸ್ಲೀವ್‌ನಲ್ಲಿ ಹಾಕಿಸಿಕೊಳ್ಳಿ, ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಳೆಗಾಲಕ್ಕೊಮ್ಮೆ ಜೆಲ್ ಬದಲಾಯಿಸಿ. ಡಾಂಬರು ಗುಳಿಗೆ ಇರುವ ಸೀರೆ ಬೀರುವಿನಲ್ಲಿ ಮಾತ್ರ ಇಡಬೇಡಿ.